ಎಲ್ಲರೂ ಆಡಬೇಕಾಗಿದ್ದ ಪೀರಿಯಡ್

ನಾವು ಓದುವಾಗ, ಅಂದರೆ 90ರ ದಶಕದಲ್ಲಿ, ನಮ್ಮ ಶಾಲೆಯ ಮೈದಾನದಲ್ಲಿ ಹುಲ್ಲಿಗಿಂತ ಕಲ್ಲೇ ಜಾಸ್ತಿ ಇತ್ತು. ಜೂನ್‌ನಲ್ಲಿ ಶಾಲೆ ಶುರುವಾದರೆ ಮೊದಮೊದಲ ಪಿ.ಟಿ. ಪೀರಿಯಡ್‌ಗಳೆಲ್ಲ ಕಲ್ಲು ಆರಿಸುವುದರಲ್ಲೇ ಕಳೆಯುತ್ತಿದ್ದವು. ಸಾಲಾಗಿ ನಿಂತು, ಬಗ್ಗಿ ಆರಿಸಿ, ಬಾಂಡಲಿಗೆ ತುಂಬಿ ಕಾಂಪೌಂಡಿನ ಮೂಲೆಗೆ ಸುರಿಯುತ್ತಿದ್ದೆವು. ಆಮೇಲೆ ನಮ್ಮ ಪಿ.ಟಿ. ಮೇಷ್ಟ್ರು ಹಗ್ಗ ಹಿಡಿದು ಅಳೆದು, ಸುಣ್ಣದ ಪುಡಿಯಲ್ಲಿ ಖೋ ಖೋ ಅಂಕಣ ಹಾಕುತ್ತಿದ್ದರು. ಎರಡು ಮರದ ಕಂಬ, ಒಂದಿಷ್ಟು ಸುಣ್ಣ, ಒಂದು ವಿಸಿಲ್. ಶಾಲೆಗೆ ಬೇರೆ ಖರ್ಚೇ ಇರಲಿಲ್ಲ.

ಮೇಷ್ಟ್ರ ಹತ್ತಿರ ಉದ್ದನೆಯ ಒಂದು ನೋಟ್‌ಬುಕ್ ಇತ್ತು. ವರ್ಷದ ಆರಂಭದಲ್ಲಿ ಪ್ರತಿಯೊಬ್ಬರನ್ನೂ ಓಡಿಸಿ, ಲಾಂಗ್ ಜಂಪ್ ಮಾಡಿಸಿ ಅದರಲ್ಲಿ ಬರೆದುಕೊಳ್ಳುತ್ತಿದ್ದರು. ಡಿಸೆಂಬರ್‌ನಲ್ಲಿ ಮತ್ತೆ ಅದೇ ಓಟ, ಅದೇ ಜಿಗಿತ. ಫಸ್ಟ್ ಯಾರು, ಸೆಕೆಂಡ್ ಯಾರು ಅಂತ ಅವರು ಓದಿ ಹೇಳುತ್ತಿರಲಿಲ್ಲ. ಒಬ್ಬೊಬ್ಬರನ್ನೇ ಕರೆದು, "ನೋಡಮ್ಮ, ಆಗ ಇಷ್ಟಿತ್ತು, ಈಗ ಇಷ್ಟಾಗಿದೆ" ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಓಟದಲ್ಲಿ ನಾನು ಯಾವಾಗಲೂ ಹಿಂದಿನ ಸಾಲಿನವಳು. ಆದರೂ ಆ ಪುಟದಲ್ಲಿ ನನ್ನ ಹೆಸರಿನ ಮುಂದೆ ಹಳೆಯ ಅಳತೆಗಿಂತ ಹೊಸ ಅಳತೆ ಚೆನ್ನಾಗಿತ್ತು. ಆ ದಿನ ಮನೆಗೆ ಹೋಗಿ ಅಮ್ಮನಿಗೆ ಎಷ್ಟು ಸಲ ಹೇಳಿದೆನೋ!

ತಂಡ ಮಾಡುವಾಗಲೂ ಅವರ ರೀತಿ ಬೇರೆ. ಚೆನ್ನಾಗಿ ಆಡುವ ಇಬ್ಬರನ್ನು ನಿಲ್ಲಿಸಿ "ನಿಮಗೆ ಬೇಕಾದವರನ್ನು ಆರಿಸಿಕೊಳ್ಳಿ" ಅನ್ನುತ್ತಿರಲಿಲ್ಲ. ಹಾಗೆ ಮಾಡಿದರೆ ಕೊನೆಯಲ್ಲಿ ಉಳಿಯುವುದು ಯಾವಾಗಲೂ ಅದೇ ಮಕ್ಕಳು ಅಲ್ವಾ? ಅದರ ಬದಲು ಸಾಲಿನಲ್ಲಿ ಒಂದು, ಎರಡು, ಒಂದು, ಎರಡು ಎಂದು ಎಣಿಸಿ ಎರಡು ತಂಡ ಮಾಡುತ್ತಿದ್ದರು. ಖೋ ಖೋದಲ್ಲಿ ಒಂದು ತಂಡದಿಂದ ಎಂಟು ಜನ ಚೌಕದಲ್ಲಿ ಕೂರಬೇಕು, ಒಬ್ಬರು ಅಟ್ಟಿಸಬೇಕು. ಅಕ್ಕಪಕ್ಕದವರ ಮುಖ ಒಂದೊಂದು ದಿಕ್ಕಿಗೆ. ಅಟ್ಟಿಸುವವರು ಹಿಂದಕ್ಕೆ ತಿರುಗುವಂತಿಲ್ಲ, ನಡುವಿನ ಗೆರೆ ದಾಟುವಂತಿಲ್ಲ. ಎದುರಾಳಿ ಆ ಕಡೆಗೆ ನುಸುಳಿದರೆ, ಕುಳಿತವರ ಬೆನ್ನು ಮುಟ್ಟಿ "ಖೋ" ಕೊಡಲೇಬೇಕು. ಹಾಗಾಗಿ ಎಷ್ಟೇ ಜೋರಾಗಿ ಓಡುವವರಿದ್ದರೂ ಕುಳಿತವರಿಲ್ಲದೆ ಆಟ ಸಾಗುವುದಿಲ್ಲ. ನನ್ನ ಓಟ ನಿಧಾನ, ಆದರೆ ಕುಳಿತಲ್ಲಿಂದ ತಕ್ಷಣ ಏಳುತ್ತೇನೆ ಎಂದು ಮೇಷ್ಟ್ರೇ ಕಂಡುಹಿಡಿದರು. ಎದ್ದು ನಾಲ್ಕು ಹೆಜ್ಜೆ ಓಡಿ ಮುಂದಿನವರಿಗೆ ಖೋ ಕೊಡುವುದು ನನ್ನ ಕೆಲಸ. ತಾಲ್ಲೂಕು ಮಟ್ಟಕ್ಕೆ ನಾನು ಹೋಗಲಿಲ್ಲ. ಹೋದ ಗೆಳತಿಯರು ಅಭ್ಯಾಸ ಮಾಡಿದ್ದು ನಮ್ಮೆದುರಿಗೇ.

ಆಟದಲ್ಲಿ ಬೇಗ ಸುಸ್ತಾಗುವವರನ್ನು ಅವರು ಬೈಯುತ್ತಿರಲಿಲ್ಲ, ಗಮನಿಸುತ್ತಿದ್ದರು. ನಮ್ಮ ಕ್ಲಾಸಿನ ಒಬ್ಬ ಗೆಳತಿ ಅರ್ಧ ರೌಂಡ್ ಓಡುವಷ್ಟರಲ್ಲಿ ಏದುಸಿರು ಬಿಡುತ್ತಾ ಕೂರುತ್ತಿದ್ದಳು. ಸೋಮಾರಿ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಮೇಷ್ಟ್ರು ಅವಳ ತಾಯಿಯನ್ನು ಕರೆಸಿ, "ಒಂದ್ಸಲ ರಕ್ತ ಪರೀಕ್ಷೆ ಮಾಡಿಸಿ ತಾಯಿ" ಎಂದರು. ರಕ್ತ ತೀರಾ ಕಡಿಮೆ ಇತ್ತು. ಆಸ್ಪತ್ರೆಯಿಂದ ಕಬ್ಬಿಣದ ಮಾತ್ರೆ ಕೊಟ್ಟರು, ಮನೆಯಲ್ಲಿ ಸೊಪ್ಪು, ಕಾಳು, ಮೊಟ್ಟೆ ಶುರುವಾಯಿತು. ಕೆಲವು ತಿಂಗಳಲ್ಲಿ ಅವಳು ಪೂರ್ತಿ ರೌಂಡ್ ಓಡಿದಳು. ಬೆಂಚಿನ ಮೇಲೆ ಕೂತ ಮಗುವಿನ ರಕ್ತಹೀನತೆ ಗಣಿತದ ಟೀಚರಿಗೆ ಕಾಣುವುದು ಕಷ್ಟ. ಮೈದಾನದಲ್ಲಿ ಹತ್ತು ನಿಮಿಷಕ್ಕೇ ಕಾಣುತ್ತದೆ. ಕುಂಟುವ ಕಾಲು, ಉಬ್ಬಸ, ದೂರದ ಚೆಂಡು ಕಾಣದ ಕಣ್ಣು, ಇವೂ ಅಷ್ಟೇ.

ನಾನೀಗ ಮೈಸೂರಿನಲ್ಲಿ ಫಿಸಿಯೋಥೆರಪಿಸ್ಟ್. ಮೇಷ್ಟ್ರು ಮಾಡಿಸಿದ್ದು ಎಷ್ಟು ದೊಡ್ಡದು ಎಂದು ನನಗೆ ಅರ್ಥವಾದದ್ದು ಈ ಕೆಲಸಕ್ಕೆ ಬಂದ ಮೇಲೆ. ಹುಡುಗಿಯರ ಮೂಳೆಯ ಗಟ್ಟಿತನದಲ್ಲಿ ಸುಮಾರು ಶೇ. 90ರಷ್ಟು ಸೇರಿಬಿಡುವುದು 18 ವರ್ಷದ ಒಳಗೆ. ಹುಡುಗರಿಗೆ ಇನ್ನೆರಡು ವರ್ಷ ಹೆಚ್ಚು. ಕಣಜ ತುಂಬುವ ಕಾಲ ಅದು. ಐವತ್ತು ದಾಟಿದ ಮೇಲೆ ನಾವೆಲ್ಲ ಅದರಿಂದಲೇ ತೆಗೆದು ಬಳಸಬೇಕು. ಮೂಳೆ ಗಟ್ಟಿಯಾಗಲು ಹಾಲು ಕುಡಿದರಷ್ಟೇ ಸಾಲದು. ಜಿಗಿದು ನೆಲಕ್ಕೆ ಇಳಿಯುವ, ಓಡುತ್ತಾ ಗಕ್ಕನೆ ನಿಲ್ಲುವ, ದಿಕ್ಕು ಬದಲಿಸುವ ಒತ್ತಡ ಅದಕ್ಕೆ ಬೀಳಬೇಕು. ಖೋ ಖೋ, ಕಬಡ್ಡಿ, ಕುಂಟೆಬಿಲ್ಲೆ, ಹಗ್ಗದಾಟ, ಎಲ್ಲದರಲ್ಲೂ ಇರುವುದು ಅದೇ. ಬಯಲಿನ ಬೆಳಕು ಕಣ್ಣಿಗೂ ಒಳ್ಳೆಯದು. ಹೊರಗೆ ಹೆಚ್ಚು ಹೊತ್ತು ಆಡುವ ಮಕ್ಕಳಲ್ಲಿ ದೂರದ್ದು ಮಸುಕಾಗುವ ದೃಷ್ಟಿದೋಷ ಕಡಿಮೆ.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜಗತ್ತಿನ 11ರಿಂದ 17 ವರ್ಷದ ಮಕ್ಕಳಲ್ಲಿ ಶೇ. 81ರಷ್ಟು ಜನಕ್ಕೆ ಅಷ್ಟು ಸಿಗುತ್ತಿಲ್ಲ ಎಂಬುದೂ ಅವರದೇ 2016ರ ಲೆಕ್ಕ. ಹುಡುಗಿಯರ ಸ್ಥಿತಿ ಹುಡುಗರಿಗಿಂತ ಕಡೆ. ನನ್ನ ಹತ್ತಿರ ಎಂಟನೇ, ಒಂಬತ್ತನೇ ಕ್ಲಾಸಿನ ಮಕ್ಕಳು ಕುತ್ತಿಗೆ ನೋವು, ಸೊಂಟ ನೋವು ಎಂದು ಬರುತ್ತಾರೆ. ಶಾಲೆ, ಟ್ಯೂಷನ್, ಮನೆ, ಮೊಬೈಲ್, ಎಲ್ಲ ಕಡೆ ಕೂತೇ ಇರುತ್ತಾರೆ. ಅವರಿಗೆ ನಾನು ಮಾಡಿಸುವ ವ್ಯಾಯಾಮದಲ್ಲಿ ಅರ್ಧದಷ್ಟು ನಮ್ಮ ಮೇಷ್ಟ್ರು ಶನಿವಾರ ಬೆಳಿಗ್ಗೆ ಸಾಮೂಹಿಕ ಕವಾಯತಿನಲ್ಲಿ ಮಾಡಿಸುತ್ತಿದ್ದದ್ದೇ. ಅದನ್ನು ದುಡ್ಡು ಕೊಟ್ಟು ಮಾಡಿಸಿಕೊಳ್ಳುವ ಹಾಗಾಯಿತಲ್ಲ ಎಂದು ಬೇಜಾರಾಗುತ್ತದೆ.

ನಾವು ಹತ್ತನೇ ಕ್ಲಾಸಿಗೆ ಬಂದಾಗ ಪಿ.ಟಿ. ಪೀರಿಯಡ್ ಒಂದೊಂದಾಗಿ ಬೇರೆ ಪಾಠಕ್ಕೆ ಹೋಗತೊಡಗಿತು. ಪಬ್ಲಿಕ್ ಪರೀಕ್ಷೆ ಅಂದರೆ ಎಲ್ಲರಿಗೂ ಭಯ. ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ವಾದ ಮಾಡಿದ್ದು ಹೊರಗೆ ನಿಂತ ನಮಗೆ ಕೇಳಿಸಿತ್ತು. "ಓದಲಿ ಸಾರ್, ಬೇಡ ಅಂದವರು ಯಾರು? ಓದೋಕೆ ಮೈಯಲ್ಲಿ ಕಸುವು ಬೇಡವಾ?" ಕೊನೆಗೆ ಶನಿವಾರದ ಪೀರಿಯಡ್ ಮಾತ್ರ ಉಳಿಯಿತು. ಆ ಒಂದು ಪೀರಿಯಡ್‌ಗೆ ವಾರವೆಲ್ಲ ಕಾಯುತ್ತಿದ್ದೆವು. ಆಟಕ್ಕೆ ಸಮಯ ಕೊಟ್ಟರೆ ಅಂಕ ಕಡಿಮೆಯಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ ಎಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ. ಆಡಿ ಬಂದ ಮಕ್ಕಳ ಗಮನ ಪಾಠದ ಮೇಲೆ ಚೆನ್ನಾಗಿ ನಿಲ್ಲುತ್ತದೆ. ನಮ್ಮ ಪೀರಿಯಡ್‌ಗಳನ್ನು ಉಳಿಸಬಹುದಿತ್ತು.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಫೈನಲ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಟಿ.ವಿ. ಮುಂದೆ ಕೂತು ನಾನು ಕೂಗಾಡಿಬಿಟ್ಟೆ. ಅಂಥ ಆಟಗಾರ್ತಿ ತಯಾರಾಗಬೇಕಾದರೆ ಅವರ ಮುಂದೆ ಓಡಲು, ಅವರನ್ನು ಅಟ್ಟಿಸಲು, ಪಕ್ಕದ ಚೌಕದಲ್ಲಿ ಕೂರಲು ಊರಿನ ಎಷ್ಟು ಮಕ್ಕಳು ಬೇಕು! ಆ ಮಕ್ಕಳ ಹೆಸರು ಪೇಪರಿನಲ್ಲಿ ಬರುವುದಿಲ್ಲ. ಆದರೆ ಅವರ ಕಾಲೂ ಗಟ್ಟಿಯಾಗಿರುತ್ತದೆ, ಅವರ ಎದೆಯೂ ಹಿಗ್ಗಿರುತ್ತದೆ. ಶಾಲೆಗೆ ಪಿ.ಟಿ. ಮೇಷ್ಟ್ರು ಬೇಕಾಗಿರುವುದು ಮುಖ್ಯವಾಗಿ ಇವರಿಗೋಸ್ಕರ. ಚೆನ್ನಾಗಿ ಆಡುವ ಮಗು ಹೇಗಾದರೂ ಆಡಿಕೊಳ್ಳುತ್ತದೆ. ಗೋಡೆ ಪಕ್ಕ ನಿಂತು ಸುಮ್ನೆ ನೋಡುವ ಮಗುವನ್ನು ಯಾರಾದರೂ ಕೈಹಿಡಿದು ಒಳಗೆ ಕರೆಯಬೇಕು.

ಹಳೆಯ ವಿದ್ಯಾರ್ಥಿಗಳು ಸೇರಿ ಶಾಲೆಗೆ ಏನು ಕೊಡೋಣ ಎಂಬ ಮಾತು ನಡೆಯುತ್ತಿದೆ. ಸ್ಮಾರ್ಟ್ ಕ್ಲಾಸ್ ಕೊಡೋಣ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ಮೈದಾನ ಮಟ್ಟಮಾಡಿಸಿ ಹೊಸ ಕಂಬ ಹಾಕಿಸೋಣ. ಥ್ರೋಬಾಲ್ ನೆಟ್ ತರೋಣ. ಮೈದಾನದ ಪಕ್ಕದಲ್ಲೇ ಕುಡಿಯುವ ನೀರು, ಹುಡುಗಿಯರಿಗೆ ನೀರಿರುವ, ಚಿಲಕ ಬೀಳುವ ಒಂದು ಶೌಚಾಲಯ ಕಟ್ಟಿಸೋಣ. ಮುಟ್ಟಿನ ದಿನಗಳಲ್ಲಿ ಎಷ್ಟೋ ಹುಡುಗಿಯರು ಮೈದಾನಕ್ಕೆ ಇಳಿಯದಿರುವುದು ಅದಿಲ್ಲದ್ದಕ್ಕೇ. ಬರುವ ಜೂನ್‌ನಲ್ಲಿ ಒಂದು ದಿನ ನಾನೇ ಬಂದು ಮಕ್ಕಳ ನಿಲುವು, ಬೆನ್ನು, ಮಂಡಿ ನೋಡಿಕೊಡುತ್ತೇನೆ. ಮುಖ್ಯ ಶಿಕ್ಷಕರಿಗೆ ಒಪ್ಪಿಗೆಯಾದರೆ ಒಂದು ಉದ್ದನೆಯ ನೋಟ್‌ಬುಕ್ ಕೂಡ ತರುತ್ತೇನೆ.