ಬೀರುವಿಗೆ ನೇತಾಕಿದ ಕೌದಿ

ಕೌದಿಯ ತುಂಡುಗಳನ್ನು ನೆಲದ ಮೇಲೆ ಹರಡಿ ಜೋಡಿಸುವುದು ನಮ್ಮ ಮನೆಯಲ್ಲಿ ಆಗದ ಮಾತು. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಬಾಡಿಗೆ ಮನೆ. ಒಂದೇ ಕೋಣೆ, ಅದರಲ್ಲೇ ಮಂಚ, ಬೀರು, ಹೊಲಿಗೆ ಮಷಿನ್, ಉಳಿದ ಜಾಗದಲ್ಲಿ ನಾವು ನಾಲ್ಕು ಜನ ಓಡಾಡಬೇಕು. ಹೋದ ಸಲ ಇಪ್ಪತ್ತು ತುಂಡು ಚೆಂದ ಮಾಡಿ ಹರಡಿ, ಹಾಲು ಉಕ್ಕುತ್ತೆ ಅಂತ ಒಳಗೆ ಹೋಗಿ ಬರುವಷ್ಟರಲ್ಲಿ ಮಗ ಅದರ ಮೇಲೆ ಬಸ್ಸು ಓಡಿಸುತ್ತಿದ್ದ.

ಹೊರದೇಶದಲ್ಲಿ ಕ್ವಿಲ್ಟ್, ಅಂದರೆ ಅವರ ಕಡೆಯ ಕೌದಿ, ಮಾಡುವವರು ಇದಕ್ಕೆಂದೇ ಡಿಸೈನ್ ವಾಲ್ ಇಟ್ಟುಕೊಳ್ಳುತ್ತಾರೆ. ಒಂದು ದೊಡ್ಡ ಹಲಗೆಗೆ ಫ್ಲಾನೆಲ್ ಬಟ್ಟೆ ಹೊದಿಸಿ ನಿಲ್ಲಿಸುವುದು, ಅಷ್ಟೇ. ಫ್ಲಾನೆಲ್ ಮೇಲಿನ ಮೆತ್ತನೆ ಜುಂಗು ಹತ್ತಿ ಬಟ್ಟೆಯನ್ನು ಹಿಡಿದುಕೊಳ್ಳುತ್ತದೆ, ಪಿನ್ ಬೇಕಿಲ್ಲ. ತುಂಡುಗಳನ್ನು ಕಿತ್ತು, ಅಂಟಿಸಿ, ಅದಲು ಬದಲು ಮಾಡಿ, ಬಣ್ಣ ಕೂಡಿದ ಮೇಲೆ ಹೊಲಿಯುವುದು.

ನಮ್ಮತ್ತೆಗೆ ಇದು ನಗೆಪಾಟಲು. ಅವರು ಹರಪನಹಳ್ಳಿ ಕಡೆಯವರು. ಹಳೆ ಸೀರೆ ಪದರ ಪದರ ಹಾಸಿ, ಅಂಚಿನಿಂದ ಶುರು ಮಾಡಿ ಕೈಗೆ ಸಿಕ್ಕ ತುಂಡು ಇಡುತ್ತಾ, ಹೊಲಿಯುತ್ತಾ ಒಳಕ್ಕೆ ಬರುತ್ತಾರೆ. ಒಂದೂ ತಪ್ಪುವುದಿಲ್ಲ. "ಕೌದಿ ಹೊದ್ಕಳಾಕಲ್ವೇನವ್ವಾ, ಗ್ವಾಡಿಗೆ ನೇತಾಕಿ ಏನ್ ನೋಡ್ತೀ?" ಅಂದರು. ನನಗೆ ಆ ಕೈ ಇಲ್ಲ. ನಾನು ಚೌಕಗಳನ್ನು ಮೊದಲು ಮಷಿನ್‌ನಲ್ಲಿ ಕೂಡಿಸುವವಳು. ಒಮ್ಮೆ ಕೂಡಿಸಿದ ಮೇಲೆ ಬಣ್ಣ ಹೊಂದಲಿಲ್ಲ ಅಂದರೆ ಹೊಲಿಗೆ ಬಿಚ್ಚುತ್ತಾ ಕೂರಬೇಕು.

ಗೋಡೆಗೆ ಮೊಳೆ ಹೊಡೆಯಲು ಓನರ್ ಬಿಡಲ್ಲ. ಆಗ ಕಣ್ಣಿಗೆ ಬಿದ್ದಿದ್ದು ಬೀರು. ಉಕ್ಕಿನದು, ಆರೂವರೆ ಅಡಿ ಎತ್ತರ, ಮ್ಯಾಗ್ನೆಟ್ ಹಿಡಿಯುತ್ತದೆ. ಫ್ಲಾನೆಲ್ ಅನ್ನು ಸುಮ್ನೆ ಅದರ ಮೇಲೆ ಮ್ಯಾಗ್ನೆಟ್ ಇಟ್ಟು ಇಳಿಬಿಟ್ಟರೆ ಸಾಕು ಅಂದುಕೊಂಡೆ. ಲೆಕ್ಕ ಹಾಕಿದರೆ ಕೈಕೊಟ್ಟಿತು. ಮಗನ ಕೌದಿ 36 ಇಂಚು ಅಗಲ, 45 ಇಂಚು ಉದ್ದ, ಅಂದರೆ 9 ಇಂಚಿನ ಚೌಕ ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಐದು. ಬೀರುವಿನ ಅಗಲವೂ 36 ಇಂಚೇ! ಆದರೆ ಹೊಲಿಯುವ ಮುಂಚೆ ಪ್ರತಿ ಚೌಕಕ್ಕೂ ಸುತ್ತ ಕಾಲು ಇಂಚು ಹೊಲಿಗೆಗೆ ಬಿಟ್ಟಿರುತ್ತೇವೆ. ಒಂಬತ್ತೂವರೆ ನಾಲ್ಕಲ, 38. ಬಟ್ಟೆ ಎರಡು ಇಂಚು ಆಚೆ ಜೋತಾಡುತ್ತದೆ.

ಪರಿಹಾರ ಥರ್ಮಾಕೋಲ್, ಗಟ್ಟಿ ಇರುವುದರಿಂದ ಬೀರುವಿನ ಆಚೆ ಚಾಚಿದರೂ ಜೋತಾಡಲ್ಲ. ಅಂಗಡಿಯಲ್ಲಿ ಸಿಗುವ ಶೀಟು ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲ. ಅಡ್ಡ ಇಟ್ಟರೆ ನಾಲ್ಕು ಚೌಕ ಆರಾಮಾಗಿ ಕೂರುತ್ತವೆ. ಎತ್ತರ 19 ಇಂಚು ಮತ್ತು ಸ್ವಲ್ಪ, ಅಂದರೆ ಸರಿಯಾಗಿ ಎರಡು ಸಾಲು, ಯಾವ ಚೌಕವೂ ಎರಡು ಶೀಟಿನ ನಡುವಿನ ಸಂದಿಗೆ ಬರಲ್ಲ. ಇದನ್ನು ಕಂಡುಹಿಡಿದ ದಿನ ನನ್ನ ಬಗ್ಗೆ ನನಗೇ ಸ್ವಲ್ಪ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಇಂಚು ದಪ್ಪದ ಮೂರು ಶೀಟು ತಂದೆ.

ಫ್ಲಾನೆಲ್ ಹುಡುಕುವುದೇ ಕಷ್ಟವಾಯಿತು. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ನಮ್ಮ ದಾವಣಗೆರೆ, ಅಲ್ಲಿ ಎರಡು ಮೀಟರ್ ಫ್ಲಾನೆಲ್‌ಗೆ ಒಂದು ಮಧ್ಯಾಹ್ನ ಅಲೆದೆ. ಕೊನೆಗೆ "ಹಸುಗೂಸು ಸುತ್ತೋ ಬಟ್ಟೆ" ಅಂತ ಕೇಳಿದ ಮೇಲೆ ಒಳಗಿಂದ ತಂದುಕೊಟ್ಟರು. ಬಿಳಿ ಅಥವಾ ತಿಳಿ ಬೂದು ತಗೊಳ್ಳಿ. ಬಣ್ಣದ್ದು ತಗೊಂಡರೆ ಅದು ಕೌದಿಯ ಬಣ್ಣವನ್ನು ತಪ್ಪಾಗಿ ತೋರಿಸುತ್ತದೆ.

ಮೊದಲನೇ ಶೀಟು ಹಾಳು ಮಾಡಿದೆ. ಚಪ್ಪಲಿಗೆ ಹಚ್ಚುವ ರಬ್ಬರ್ ಗಮ್ ಹಚ್ಚಿದ್ದೆ, ಥರ್ಮಾಕೋಲ್ ಕರಗಿ ಗುಳಿ ಬಿತ್ತು. ಇನ್ನೊಂದು ತಂದು, ಬಟ್ಟೆಯನ್ನು ಹಿಂದೆ ದಾರದಿಂದ ಮಂಚದ ನವಾರಿನ ಹಾಗೆ ಬಿಗಿದೆ. ಜಾಸ್ತಿ ಎಳೆದೆ ಅನ್ನಿಸುತ್ತೆ, ಶೀಟು ಬಿಲ್ಲಿನ ಹಾಗೆ ಬಾಗಿತು. ಆಮೇಲೆ ಬುದ್ಧಿ ಬಂದು, ಬಟ್ಟೆಯನ್ನು ನಡುವಿಂದ ಅಂಚಿಗೆ ಸವರುತ್ತಾ ಸುಕ್ಕು ತೆಗೆದು, ಹಿಂಭಾಗಕ್ಕೆ ಮಾತ್ರ ಬಿಳಿ ಫೆವಿಕಾಲ್ ಹಚ್ಚಿದೆ. ಮುಂದೆ ಹಚ್ಚಿದರೆ ಜುಂಗು ಗಟ್ಟಿಯಾಗಿ ಏನೂ ಅಂಟಲ್ಲ. ಹಿಂದೆ ಲಾಡಿಯ ಕುಣಿಕೆ ಕೂರಿಸಿ, ಬೀರುವಿಗೆ ಮ್ಯಾಗ್ನೆಟ್ ಹುಕ್ ಅಂಟಿಸಿ, ಒಂದರ ಕೆಳಗೊಂದು ನೇತಾಕಿದೆ. ಹತ್ತಿ ತುಂಡು ಹಾಗೇ ನಿಲ್ಲುತ್ತವೆ, ಪಾಲಿಯೆಸ್ಟರ್ ಸೀರೆ ತುಂಡು ಜಾರುತ್ತದೆ. ಫ್ಯಾನ್ ಹಾಕಿದರಂತೂ ಎಲ್ಲಕ್ಕೂ ಗುಂಡುಪಿನ್ನೇ ಗತಿ, ನಮ್ಮ ಬೇಸಿಗೆಯಲ್ಲಿ ಫ್ಯಾನ್ ಇಲ್ಲದೆ ಯಾರು ಹೊಲಿಯುತ್ತಾರೆ?

ಬೆಳಿಗ್ಗೆ ಯಜಮಾನರು ಅಂಗಿ ಬೇಕು ಅಂದಾಗ ಮೂರೂ ಶೀಟನ್ನು ತುಂಡುಗಳ ಸಮೇತ ತೆಗೆದು, ತಟ್ಟೆ ಜೋಡಿಸಿದ ಹಾಗೆ ಮಂಚದ ಕೆಳಗೆ ತಳ್ಳುತ್ತೇನೆ. ಹಿಂದೆ 1, 2, 3 ಅಂತ ಬರೆದು ಮೇಲ್ಮುಖದ ಬಾಣ ಹಾಕಿ. ನಾನು ಹಾಕದೆ ಒಂದು ಶೀಟು ತಲೆಕೆಳಗಾಗಿ ಎರಡು ದಿನ ನೇತಾಡಿತ್ತು.

ಇಷ್ಟೆಲ್ಲ ಆದರೂ ಒಂದು ಕೊರತೆ ಉಳಿಯಿತು. ಗೋಡೆ ಸಿಕ್ಕಿತು, ದೂರ ಸಿಗಲಿಲ್ಲ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ನಿಲ್ಲಿಸಿ ನೋಡುವುದೇ ಹಿಂದೆ ಸರಿದು ಇಡೀ ಕೌದಿ ನೋಡಲಿಕ್ಕೆ, ಆದರೆ ಮಂಚಕ್ಕೂ ಬೀರುವಿಗೂ ನಡುವೆ ಇರುವುದು ಎರಡೂವರೆ ಅಡಿ. ಅಷ್ಟು ಹತ್ತಿರದಿಂದ ಬಟ್ಟೆಯ ಹೂವು ಕಾಣುತ್ತದೆ, ಕೌದಿ ಕಾಣಲ್ಲ. ಮಂಚ ಹತ್ತಿ ನಿಂತು ನೋಡಿದೆ, ತಲೆ ಫ್ಯಾನಿಗೆ ತಾಗುವುದೊಂದು ಬಾಕಿ. ಫೋನಲ್ಲಿ ಫೋಟೋ ತೆಗೆದು ಕಪ್ಪು ಬಿಳುಪು ಮಾಡಿದರೆ ಯಾವುದು ಗಾಢ, ಯಾವುದು ತಿಳಿ ಗೊತ್ತಾಗುತ್ತದೆ, ನನ್ನ ಕೆಂಪು ಮತ್ತು ಹಸಿರು ಎರಡೂ ಒಂದೇ ಬೂದು ಬಣ್ಣವಾಗಿ ಬಂದು ಪೆಚ್ಚಾದೆ. ಬಾಗಿಲಿಗೆ ಹಾಕುವ ಇಣುಕು ಲೆನ್ಸ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಅದರಲ್ಲಿ ನೋಡಿದರೆ ಎಲ್ಲ ಚಿಕ್ಕದಾಗಿ ದೂರ ಹೋದ ಹಾಗೆ ಕಾಣುತ್ತದೆ. ಅದೂ ಒಂದು ಉಪಾಯ.

ಆದರೆ ಕೆಲಸಕ್ಕೆ ಬಂದಿದ್ದು ಅಡುಗೆಮನೆ. ಒಲೆ ಮುಂದೆ ನಿಂತು ಬಾಗಿಲ ಮೂಲಕ ನೋಡಿದರೆ ಬೀರು ನೇರಕ್ಕೆ ಕಾಣುತ್ತದೆ, ಹನ್ನೆರಡು ಅಡಿ. ಮಂಡಕ್ಕಿ ಒಗ್ಗರಣೆ ಹಾಕುತ್ತಾ ತಿರುಗಿ ನೋಡಿದೆ, ಎರಡನೇ ಸಾಲಲ್ಲಿ ಎರಡು ಕುಂಕುಮ ಬಣ್ಣ ಅಕ್ಕಪಕ್ಕ ಕೂತಿದ್ದವು. ಮೂರು ದಿನ ಮೂಗಿನ ಮುಂದೆಯೇ ಇದ್ದವು, ಕಂಡಿರಲಿಲ್ಲ. ಒಗ್ಗರಣೆ ಸೀದಿತು, ಇರಲಿ.

ಐದು ಸಾಲಲ್ಲಿ ನಾಲ್ಕು ಈಗ ಹೊಲಿದಾಗಿದೆ. ಮೂರನೇ ಶೀಟಿನ ಕೆಳಗಿನ ಅರ್ಧ ಮೊದಲಿಂದಲೂ ಖಾಲಿ. ಅಲ್ಲಿ ಯಜಮಾನರು ಗುಂಡುಪಿನ್ನಲ್ಲಿ ಕರೆಂಟ್ ಬಿಲ್ ಚುಚ್ಚಿದ್ದಾರೆ, ಪಕ್ಕದಲ್ಲಿ ಮಗನ ಟೈಮ್‌ಟೇಬಲ್, ಮತ್ತೆ ನಿನ್ನೆಯಿಂದ ಅತ್ತೆಯ ಕೌದಿ ಸೂಜಿ.