ಕೋಜಿ ಅಂದ್ರೆ ಬರೀ ಬೆಚ್ಚಗೆ ಅಲ್ಲ

ಎಡಿನ್‌ಬರೋದಲ್ಲಿ ಓದ್ತಿರೋ ಅಕ್ಕನ ಮಗಳು ಮೊನ್ನೆ ಫೋನ್ ಮಾಡಿ "ಚಿಕ್ಕಿ, ಇಲ್ಲಿ ಎಲ್ರೂ ಮಾತೆತ್ತಿದ್ರೆ ಕೋಜಿ ಅಂತಾರೆ, ಕನ್ನಡದಲ್ಲಿ ಏನು ಅದಕ್ಕೆ?" ಅಂತ ಕೇಳಿದ್ಲು. ಬೆಚ್ಚಗೆ ಅಂದ್ಬಿಟ್ಟೆ. ಆಮೇಲೆ ಸಮಾಧಾನ ಆಗ್ಲಿಲ್ಲ, ಜ್ವರ ಬಂದ ಮೈನೂ ಬೆಚ್ಚಗಿರತ್ತೆ, ಅದನ್ನ ಯಾರೂ ಕೋಜಿ ಅನ್ನಲ್ವಲ್ಲ.

ಪದ ಇಂಗ್ಲಿಷಿಗೆ ಬಂದಿದ್ದೇ ಅವಳಿರೋ ಸ್ಕಾಟ್ಲೆಂಡಿಂದ. 1785ರಲ್ಲಿ ರಾಬರ್ಟ್ ಬರ್ನ್ಸ್ ನೇಗಿಲಿಗೆ ಸಿಕ್ಕಿ ಗೂಡು ಕಳ್ಕೊಂಡ ಇಲಿ ಮೇಲೊಂದು ಪದ್ಯ ಬರೆದ, ಅದರಲ್ಲಿ ಈ ಪದ ಇದೆ, ಚಳಿಗಾಲ ಹತ್ರ ಬಂತು, ಗಾಳಿ ತಾಗದ ಹಾಗೆ ಇಲ್ಲೇ ಕೋಜಿಯಾಗಿ ಇದ್ಬಿಡೋಣ ಅಂದ್ಕೊಂಡಿತ್ತಂತೆ ಪಾಪ ಆ ಇಲಿ. ನಂಗೆ ಅರ್ಥ ಹೊಳೆದಿದ್ದು ಅಲ್ಲೇ. ಹೊರಗೆ ಚಳಿ ಇರ್ಬೇಕು, ಒಳಗೆ ಜಾಗ ಪುಟ್ಟದಿರ್ಬೇಕು, ಮನಸ್ಸಲ್ಲಿ ಭಯ ಇರ್ಬಾರ್ದು. ಮದುವೆ ಛತ್ರ ಎಷ್ಟು ಚೆನ್ನಾಗಿದ್ರೂ ಕೋಜಿ ಅಲ್ಲ, ಕಿಟಕಿ ಪಕ್ಕದ ಹಳೇ ಕುರ್ಚಿ ಕೋಜಿ.

ಬ್ರಿಟನ್ನಲ್ಲಿ ಎಸ್ ಹಾಕಿ ಬರೀತಾರೆ, ಅಮೆರಿಕದಲ್ಲಿ ಝಡ್, ಉಚ್ಚಾರ ಒಂದೇ. ಟೀ ಆರದ ಹಾಗೆ ಪಾಟಿಗೆ ಹಾಕೋ ಉಲ್ಲನ್ ಟೊಪ್ಪಿಗೂ ಟೀ ಕೋಜಿ ಅಂತಾನೇ ಹೆಸರು. ಆದ್ರೆ ಅಧಿಕಾರಿಗೂ ಕಂಟ್ರಾಕ್ಟರಿಗೂ ಕೋಜಿ ಸಂಬಂಧ ಅಂತ ಪೇಪರಲ್ಲಿ ಬಂದ್ರೆ ಹೊಗಳಿಕೆ ಅಲ್ಲ, ಒಳಗೊಳಗೇ ಸೇರ್ಕೊಂಡಿದಾರೆ ಅಂತ.

ನಮ್ಮಲ್ಲಿ ಸರ್ವಜ್ಞನ "ಬೆಚ್ಚನೆಯ ಮನೆ" ತುಂಬ ಹತ್ರ ಬರತ್ತೆ. ನಂಗಂತೂ ಕೋಜಿ ಅಂದ್ರೆ ತೀರ್ಥಹಳ್ಳಿ ಕಡೆ ನಮ್ಮಜ್ಜಿ ಮನೆ ಬಚ್ಚಲೊಲೆ. ಆಷಾಢದ ಮಳೇಲಿ ನೆನ್ಕೊಂಡು ಬಂದ್ರೆ ಅಜ್ಜಿ ತಲೆ ಒರೆಸಿ, ಕಂಬಳಿ ಹೊದೆಸಿ ಹಂಡೆ ಒಲೆ ಮುಂದೆ ಕೂರಿಸೋರು, ಕೆಂಡದಲ್ಲಿ ಹಲಸಿನ ಬೀಜ ಸುಡೋಕೆ ಹಾಕೋರು, ಅದು ಟಪ್ ಅಂತ ಸಿಡಿದಾಗ ಕಡ್ಡೀಲಿ ಈಚೆ ಎಳೆದು, ಬೂದಿ ಊದಿ, ಸಿಪ್ಪೆ ಬಿಡಿಸಿ ಕೈಗೆ ಕೊಡೋರು, ಹೊರಗೆ ಹೆಂಚಿನ ಮೇಲೆ ಮಳೆ ಹೊಯ್ತಾನೇ ಇರೋದು.

ಆದ್ರೆ ನೋಡಿ, ಬಿಸಿಲಿನ ನಾಡಲ್ಲಿ ಹುಟ್ಟಿ ಬೆಳೆದ ಭಾಷೆ ನಮ್ದು, ನಮಗೆ ಹಿತ ಅಂದ್ರೆ ತಂಪು. ಕಣ್ಣು ತಂಪಾಯ್ತು ಅಂತೀವಿ, ಎದೆ ತಣ್ಣಗಾಯ್ತು ಅಂತೀವಿ. ಅದೇ ಒಲೆ ಮುಂದೆ ನಮ್ಮ ಮೈ ಬೆಚ್ಚಗೆ ಮಾಡಿದ ಅಜ್ಜಿ ಕೂಡ, ಎದ್ದು ಹೊರಡುವಾಗ ತಲೆ ಮೇಲೆ ಕೈ ಇಟ್ಟು ಹೇಳ್ತಿದ್ದಿದ್ದು "ತಣ್ಣಗಿರು ಮಗಾ" ಅಂತಾನೇ.