ಮೂರು ಮಾನಿಟರಿಗೆ ಒಂದು ಪುಟ್ಟ ಕಾರ್ಡ್

2024 ಜೂನ್ 15, ಶನಿವಾರ

ಬೆಳಿಗ್ಗೆ ಬೆಂಗಳೂರಿನ ಎಸ್‌ಪಿ ರೋಡಿಗೆ (ಕಂಪ್ಯೂಟರ್ ಸಾಮಾನಿನ ಅಂಗಡಿಗಳ ಬೀದಿ) ಹೋಗಿ ಗ್ರಾಫಿಕ್ಸ್ ಕಾರ್ಡ್, ಅಂದರೆ ಕಂಪ್ಯೂಟರಿನಿಂದ ಮಾನಿಟರಿಗೆ ಚಿತ್ರ ಕಳಿಸುವ ಬಿಡಿಭಾಗ, ತಂದೆ. ಹದಿನೈದು ದಿನದಿಂದ ತಲೆ ತಿನ್ನುತ್ತಿದ್ದ ವಿಷಯ ಕೊನೆಗೂ ದಡ ಸೇರಿತು.

ನನ್ನದು ಪುಸ್ತಕದ ಪೇಜ್ ಮಾಡುವ ಕೆಲಸ. ಮಧ್ಯದಲ್ಲಿ ಪೇಜ್, ಎಡಕ್ಕೆ ಹಳೇ ಮುದ್ರಣದ ಸ್ಕ್ಯಾನ್, ಬಲಕ್ಕೆ ಲೇಖಕರು ತಿದ್ದಿ ಕಳಿಸಿದ ಪಿಡಿಎಫ್. ಮೂರು ಮಾನಿಟರ್ ಇದ್ದರೇ ಸಲೀಸು. ಇಷ್ಟು ದಿನ ಎರಡರಲ್ಲೇ ತಳ್ಳಿದ್ದೆ. ಹೋದ ತಿಂಗಳು 27 ಇಂಚಿನ 4ಕೆ ಮಾನಿಟರ್ (ಫುಲ್ ಎಚ್‌ಡಿಯ ನಾಲ್ಕು ಪಟ್ಟು ಚುಕ್ಕೆ ಇರುವಂಥದ್ದು) ತಗೊಂಡೆ. ಒತ್ತಕ್ಷರಗಳು ಮೊಳೆ ಅಚ್ಚಿನ ಹಾಗೆ ಚೂಪಾಗಿ ಕಂಡವು. ನೋಡಿ ಖುಷಿಯಾಯಿತು. ಆದರೆ ಮೌಸ್ ಮಾತ್ರ ಕೆಸರಲ್ಲಿ ಕಾಲು ಎಳೆದ ಹಾಗೆ ಓಡಾಡುತ್ತಿತ್ತು. ಪುಟ ಸರಿಸಿದರೆ ಸಾಲುಗಳು ಕುಪ್ಪಳಿಸುತ್ತಿದ್ದವು. ಸೆಟ್ಟಿಂಗ್ಸ್ ತೆಗೆದು ನೋಡಿದರೆ 30 ಹರ್ಟ್ಸ್! ನನ್ನ ಹಳೇ ಕಂಪ್ಯೂಟರಿನಲ್ಲಿ ಮಾನಿಟರ್ ಸಿಕ್ಕಿಸುವ ಪೋರ್ಟ್ ಎಚ್‌ಡಿಎಂಐ 1.4. 4ಕೆಯಲ್ಲಿ ಅದರ ತಾಕತ್ತೇ ಅಷ್ಟು, ಸೆಕೆಂಡಿಗೆ 30 ಸಲ ಚಿತ್ರ ಬದಲಿಸುವುದು. ಸಂಜೆ ಹೊತ್ತಿಗೆ ಕಣ್ಣು ಉರಿ. ಜೊತೆಗೆ ಮೂರನೇ ಮಾನಿಟರಿಗೆ ಪೋರ್ಟೇ ಇಲ್ಲ.

ತಮ್ಮನಿಗೆ ಫೋನ್ ಮಾಡಿದ್ದೆ. "ಅಕ್ಕಾ, ತಗೊಳ್ಳೋದೇ ಆದ್ರೆ ಆರ್‌ಟಿಎಕ್ಸ್ 3060 ಕಾರ್ಡ್ ತಗೋ, 12 ಜಿಬಿ ಮೆಮೊರಿ ಇದೆ" ಅಂದ. ಅವನು ಗೇಮ್ ಆಡುವವನು, ಅವನ ಲೆಕ್ಕ ಅವನಿಗೆ ಸರಿ. ಆದರೆ ಅದು 170 ವಾಟ್‌ನ ಕಾರ್ಡ್. ನನ್ನದು ಗಿಡ್ಡ ಕ್ಯಾಬಿನೆಟ್. ಮುಚ್ಚಳ ಬಿಚ್ಚಿ ನೋಡಿದೆ. ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬ) ಮೇಲೆ 240 ವಾಟ್ ಅಂತ ಚೀಟಿ. ಕಾರ್ಡಿಗೆ ಬೇರೆ ಪವರ್ ಕೊಡುವ ವೈರೇ ಇಲ್ಲ. ಅಂದರೆ ಕಾರ್ಡ್ ಕೂರಿಸುವ ಸ್ಲಾಟಿನಿಂದ ಸಿಗುವ 75 ವಾಟ್‌ನ ಒಳಗೇ ಬದುಕಬೇಕು.

ಮೆಮೊರಿ ಲೆಕ್ಕವನ್ನೂ ಕೂತು ಹಾಕಿದೆ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಚುಕ್ಕೆ. ಒಂದೊಂದಕ್ಕೆ 4 ಬೈಟ್ ಅಂದರೂ 33 ಎಂಬಿ. ಉಳಿದೆರಡು ಸಾದಾ ಫುಲ್ ಎಚ್‌ಡಿ, ತಲಾ 8 ಎಂಬಿ ಚಿಲ್ಲರೆ. ಮೂರೂ ಸೇರಿ 50 ಎಂಬಿ. ಸಾಫ್ಟ್‌ವೇರ್, ಬ್ರೌಸರ್ ಎಲ್ಲ ಇನ್ನೂ ಒಂದಷ್ಟು ಕೇಳುತ್ತವೆ, ನಿಜ. ಆದರೂ ಅಕ್ಷರ ನೋಡುವ ಕೆಲಸಕ್ಕೆ 12 ಜಿಬಿ ಯಾಕೆ ಬೇಕು? ನಾನು ನೋಡಬೇಕಾದ್ದು ಪೋರ್ಟ್ ಎಷ್ಟು, ಪ್ರತಿ ಪೋರ್ಟಿನಲ್ಲೂ 60 ಹರ್ಟ್ಸ್ ಬರುತ್ತಾ ಅನ್ನುವುದು, ಅಷ್ಟೇ.

ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ನಡೆದೇ ಹೋದೆ. ಅಲ್ಲಿ ಗಾಡಿ ನಿಲ್ಲಿಸೋಕೆ ಜಾಗ ಹುಡುಕುವುದಕ್ಕಿಂತ ಅದೇ ವಾಸಿ. ಅಂಗಡಿಯವರು ಮೊದಲು ಜಿಟಿ 1030 ತೋರಿಸಿದರು. ಅದರಲ್ಲಿ ಎರಡೇ ಪೋರ್ಟ್. "ಏನ್ ಕೆಲ್ಸ ಮೇಡಂ?" ಅಂತ ಕೇಳಿದರು. ಹೇಳಿದೆ. ಒಳಗಿಂದ ಎನ್‌ವಿಡಿಯಾ ಟಿ400 ತಂದಿಟ್ಟರು. ಅಂಗೈಗಿಂತ ಸ್ವಲ್ಪ ಉದ್ದ. ಮೂರು ಮಿನಿ ಡಿಸ್‌ಪ್ಲೇಪೋರ್ಟ್ (ಮಾನಿಟರ್ ಸಿಕ್ಕಿಸುವ ಇನ್ನೊಂದು ಬಗೆಯ ಪೋರ್ಟ್), 4 ಜಿಬಿ, 30 ವಾಟ್. ಬೇರೆ ವೈರ್ ಬೇಡ. ಗಿಡ್ಡ ಕ್ಯಾಬಿನೆಟ್ಟಿಗೆ ಆಗುವ ಲೋಹದ ಪಟ್ಟಿಯೂ ಡಬ್ಬದಲ್ಲೇ ಇತ್ತು. ನನಗೆ ಬೇಕಾದದ್ದು ಇದೇ.

ಮನೆಗೆ ಬಂದು ಕೂರಿಸಿದೆ. ಮೂರೂ ಮಾನಿಟರ್ ಹೊತ್ತಿಕೊಂಡವು. ಆದರೆ 4ಕೆ ಮಾತ್ರ ಮತ್ತೆ 30 ಹರ್ಟ್ಸ್! ಎದೆ ಧಸಕ್ ಅಂತು. ಒಂದು ಗಂಟೆ ಡ್ರೈವರ್ ಹಾಕೋದು, ತೆಗೆಯೋದು. ಕೊನೆಗೆ ನೋಡಿದರೆ ಕಾರ್ಡಿನದೇನೂ ತಪ್ಪಿಲ್ಲ. ದಾರಿಯಲ್ಲಿ ಇನ್ನೊಂದು ಅಂಗಡಿಯಲ್ಲಿ ಡಿಸ್‌ಪ್ಲೇಪೋರ್ಟಿಗೆ ಎಚ್‌ಡಿಎಂಐ ಕೇಬಲ್ ಸಿಕ್ಕಿಸಲು ಒಂದು ಅಡಾಪ್ಟರ್ ತಗೊಂಡಿದ್ದೆ, ಅದರ ಹಿಂದೆ ಸಣ್ಣ ಅಕ್ಷರದಲ್ಲಿ '4ಕೆ 30' ಅಂತ ಬರೆದಿತ್ತು. ಮಾನಿಟರಿನ ಹಿಂದೆ ಡಿಸ್‌ಪ್ಲೇಪೋರ್ಟ್ ಇದ್ದೇ ಇತ್ತು. ಪಕ್ಕದ ರಸ್ತೆಯ ಅಂಗಡಿಯಿಂದ ಮಿನಿ ಡಿಸ್‌ಪ್ಲೇಪೋರ್ಟ್ ಕೇಬಲ್ ತಂದು ನೇರ ಸಿಕ್ಕಿಸಿದೆ. 60 ಬಂತು. ನೀವು ಇಂಥ ಕಾರ್ಡ್ ತಗೊಳ್ಳುವುದಾದರೆ ಮೊದಲು ನಿಮ್ಮ ಮಾನಿಟರುಗಳ ಹಿಂಭಾಗದ ಒಂದು ಫೋಟೋ ತೆಗೆದುಕೊಂಡು ಹೋಗಿ. ಕೇಬಲನ್ನೂ ಅದೇ ಅಂಗಡಿಯಲ್ಲಿ ಹಾಕಿ ತೋರಿಸಿ ಅನ್ನಿ.

ಮೌಸ್ ಈಗ ಕೈ ಹೋದ ಕಡೆ ಹೋಗುತ್ತೆ. ಫ್ಯಾನ್ ಸದ್ದೂ ಇಲ್ಲ. ಬಲಗಡೆಯದನ್ನು ಉದ್ದಕ್ಕೆ ತಿರುಗಿಸಿ ನಿಲ್ಲಿಸಿದೆ, ಒಂದು ಪುಟ ಪೂರ್ತಿ ಕಾಣುತ್ತೆ. ರಾತ್ರಿ ಸುಮ್ನೆ ಒಂದು ಅಧ್ಯಾಯ ತೆಗೆದು ಸ್ಕ್ಯಾನಿನ ಜೊತೆ ಹೋಲಿಸುತ್ತಾ ಹೋದೆ. ಮೂರನೇ ಪುಟದಲ್ಲಿ ಸ್ಕ್ಯಾನಿನಲ್ಲಿ 'ಕಾರ್ಯ' ಅಂತಿದೆ, ನನ್ನ ಪೇಜಿನಲ್ಲಿ 'ಕಾಯ'. ಅರ್ಕಾವೊತ್ತು ಬಿಟ್ಟುಹೋಗಿದೆ. ಎರಡು ಪ್ರೂಫ್ ದಾಟಿ ಬಂದಿದ್ದ ತಪ್ಪು. ತಿದ್ದಿದೆ.